ಕೋದಂಡಪ್ಪ ಗ್ಲೈಡರ್ ಆರಿಸಿದ್ದು

ಉರಿಗಾಮಿನ ಚಿನ್ನದ ಗಣಿಯ ಉಗ್ರಾಣದಲ್ಲಿ ಮೊಳೆ, ಬೋಲ್ಟು, ಮೇಣದಬತ್ತಿ, ಹಗ್ಗಗಳನ್ನು ತೂಗಿ ಕೊಡುತ್ತಿದ್ದ ಗುಮಾಸ್ತ ಕೋದಂಡಪ್ಪನಿಗೆ ಈ ಲೋಕದಲ್ಲಿ ಇದ್ದ ಭಯ ಒಂದೇ. ಅದು ಪಾತಾಳಕ್ಕಿಳಿಯುವ ಶಾಫ್ಟಿನ ಭಯವಲ್ಲ, ಬಂಡೆ ಸಿಡಿಯುವ ಭಯವಲ್ಲ, ದೊರೆಗಳ ಭಯವೂ ಅಲ್ಲ. ಐದು ಎಮ್ಮೆಗಳ ಭಯ.

ಎಮ್ಮೆಗಳು ಅವನವಲ್ಲ, ಅವನ ಮಾವ ಬಚ್ಚಪ್ಪನವರವು. ಬಂಗಾರಪೇಟೆಗೆ ಒಂದು ಮೈಲಿ ದೂರದ ಹಳ್ಳಿಯಲ್ಲಿ ಬಚ್ಚಪ್ಪನವರಿಗೆ ಹೊಲವಿತ್ತು, ಬಾವಿಯಿತ್ತು, ದಿನಾ ಬೆಳಿಗ್ಗೆ ರೈಲಿನಲ್ಲಿ ಗಣಿ ಊರಿಗೆ ಹೋಗುವಷ್ಟು ಹಾಲಿತ್ತು. ಗಂಡು ಮಕ್ಕಳು ಮಾತ್ರ ಇರಲಿಲ್ಲ. ಒಬ್ಬಳೇ ಮಗಳು ವೆಂಕಟರತ್ನಮ್ಮನನ್ನು ಕೋದಂಡಪ್ಪನಿಗೆ ಕೊಟ್ಟು ಮೂರು ವರ್ಷವಾಗಿತ್ತು. ಆ ಮೂರು ವರ್ಷವೂ ಅವರು ಸಿಕ್ಕಸಿಕ್ಕವರ ಮುಂದೆ ಹೇಳುತ್ತಿದ್ದ ಮಾತು ಇದು:

"ಎಣ್ಣು ಕೊಡೋವಾಗ ಗಣಿ ಕೆಲ್ಸ ಅಂದ್ರು. ಚಿನ್ನ ತೆಗೀತಾನೆ ಅಂದ್ಕಂಡೆ. ಓಗಿ ನೋಡಿದ್ರೆ ಮೊಳೆ ತೂಗ್ತಾ ಕುಂತವ್ನೆ!"

ಮೂವತ್ತೆಂಟನೆಯ ಇಸವಿಯ ಸಂಕ್ರಾಂತಿಗೆ ಅವರು ತೀರ್ಪು ಕೊಟ್ಟೇಬಿಟ್ಟರು. ಯುಗಾದಿ ಕಳೆದ ಮೇಲೆ ಅಳಿಯ ಗಣಿ ಬಿಟ್ಟು, ಹೆಂಡತಿ ಸಮೇತ ಮೂಟೆ ಕಟ್ಟಿಕೊಂಡು ಬಂದು ಎಮ್ಮೆ ನೋಡಿಕೊಳ್ಳತಕ್ಕದ್ದು. ಮಾವನ ಮನೆಯಲ್ಲಿ ಉಂಡು, ಮಾವನ ಎಮ್ಮೆ ಕಾಯುತ್ತಾ, ಮಾವನ ಕೈಯಲ್ಲಿ ಬೈಸಿಕೊಳ್ಳುತ್ತಾ ಬದುಕುವುದು! ಇದನ್ನು ನೆನೆಸಿಕೊಂಡರೆ ಕೋದಂಡಪ್ಪನಿಗೆ ಮೊಳೆಯ ಲೆಕ್ಕ ತಪ್ಪುತ್ತಿತ್ತು. ಎಮ್ಮೆಗಳಿಗೂ ಅವನನ್ನು ಕಂಡರೆ ಅಷ್ಟಕ್ಕಷ್ಟೇ ಆಗಿತ್ತು.

ಇಂಥ ಹೊತ್ತಿನಲ್ಲಿ ಅವನನ್ನು ಕಾಪಾಡಲು ಬಂದವರು ಹಾರ್ಟ್ಲಿ ದೊರೆ.

ಹಾರ್ಟ್ಲಿ ದೊರೆ ಗಣಿಯ ಇಂಜಿನಿಯರು. ವಾರವೆಲ್ಲ ಜನರನ್ನು ಭೂಮಿಯ ಕೆಳಕ್ಕೆ ಇಳಿಸುವುದು ಅವರ ಉದ್ಯೋಗವಾದ್ದರಿಂದ, ಭಾನುವಾರ ಮೇಲಕ್ಕೆ ಏರಿಸಬೇಕೆಂಬ ಚಪಲ ಅವರಿಗೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅವರೂ ಇನ್ನೂ ಏಳೆಂಟು ಮಂದಿಯೂ ಸೇರಿ ಗ್ಲೈಡರ್ ಕ್ಲಬ್ ಮಾಡಿಕೊಂಡಿದ್ದರು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಉದ್ದದ ತಂತಿ ಕಟ್ಟಿ ಗಾಳಿಪಟದ ಹಾಗೆ ಎಳೆದರೆ ಮೇಲೇಳುತ್ತದೆ. ತಂತಿ ಕಳಚಿದ ಮೇಲೆ ಬಿಸಿಗಾಳಿ ಸಿಕ್ಕರೆ ಇನ್ನೂ ಏರುತ್ತದೆ, ಸಿಗದಿದ್ದರೆ ಮರ್ಯಾದೆಯಾಗಿ ಕೆಳಗಿಳಿಯುತ್ತದೆ. ಚಿನ್ನ ತೆಗೆದು ಉಳಿದ ಬಿಳಿ ಪುಡಿಯನ್ನು ಸುರಿದು ಸುರಿದು ನಮ್ಮ ಊರಿನಲ್ಲಿ ಎದ್ದಿದ್ದ ಸೈನೈಡ್ ದಿಬ್ಬಗಳ ಮೇಲೆ ಮಧ್ಯಾಹ್ನದ ಬಿಸಿಲಿಗೆ ಬಿಸಿಗಾಳಿಗೇನೂ ಕೊರತೆಯಿರಲಿಲ್ಲ.

ಕ್ಲಬ್ಬಿನಲ್ಲಿ ಇದ್ದದ್ದು ಒಬ್ಬರು ಕೂರುವ ಗ್ಲೈಡರ್ ಮಾತ್ರ. ಕಲಿಸಲು ಇಬ್ಬರು ಕೂರುವಂಥದು ಬೇಕಾಗಿತ್ತು. ಮದರಾಸಿನ ಒಬ್ಬ ಏಜೆಂಟು ನೀಲಿಯದೊಂದು, ಕೆಂಪಿನದೊಂದು, ಹೀಗೆ ಎರಡನ್ನು ಪರೀಕ್ಷೆಗೆಂದು ರೈಲಿನಲ್ಲಿ ತಂದಿಳಿಸಿದ್ದ. ಒಂದನ್ನು ಇಟ್ಟುಕೊಳ್ಳಬೇಕು, ಇನ್ನೊಂದನ್ನು ಸೋಮವಾರ ವಾಪಸು ಕಳಿಸಬೇಕು.

ಪರೀಕ್ಷೆಗೆ ಎಂಟು ದಿನ ಮುಂಚೆ, ಶನಿವಾರ, ಹಾರ್ಟ್ಲಿ ದೊರೆ ಉಗ್ರಾಣಕ್ಕೆ ಬಂದು, ಅಲ್ಲಿದ್ದ ಎಲ್ಲರನ್ನೂ ಒಬ್ಬೊಬ್ಬರಾಗಿ ಮೊಳೆ ಚೀಲ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿದರು. ಕೋದಂಡಪ್ಪ ನಿಂತಾಗ ಮುಳ್ಳು ನೂರ ಅರವತ್ತೆಂಟು ರಾತ್ಲಿನ, ಎಂದರೆ ಪೌಂಡಿನ, ಮೇಲೆ ಬಂದು ಅಲ್ಲಾಡದೆ ನಿಂತಿತು. ದೊರೆಯ ಮುಖ ಅರಳಿತು. ಅವನ ಕೈ ಕುಲುಕಿದರು. ಮುಂದಿನ ಭಾನುವಾರ ಕೆರೆಯಂಗಳಕ್ಕೆ ಬರಬೇಕು, ಎರಡು ಗ್ಲೈಡರಿನಲ್ಲೂ ಕೂರಬೇಕು, ಆಮೇಲೆ ಯಾವುದು ಎಂದು ತೀರ್ಮಾನವಾಗುತ್ತದೆ ಎಂದು ಹೇಳಿ ಹೊರಟುಹೋದರು.

ಇಷ್ಟರಲ್ಲಿ ಸುಳ್ಳೇನೂ ಇಲ್ಲ. ಆದರೆ ತೀರ್ಮಾನ ಮಾಡುವವರು ಯಾರು ಎಂಬುದನ್ನು ದೊರೆ ಹೇಳಲಿಲ್ಲ, ಕೋದಂಡಪ್ಪ ಕೇಳಲಿಲ್ಲ. ಎರಡರಲ್ಲೂ ಕೂತು ನೋಡುವವನು ತಾನು, ಅಂದಮೇಲೆ ಆರಿಸುವವನೂ ತಾನೇ! ಉಗ್ರಾಣಕ್ಕೆ ಬರುವ ಹಗ್ಗ ಗಟ್ಟಿಯೋ ಲೊಡ್ಡೋ ಎಂದು ಹನ್ನೊಂದು ವರ್ಷ ನೋಡಿದ ಕಣ್ಣನ್ನು ದೊರೆ ಕೊನೆಗೂ ಗುರುತಿಸಿದರಲ್ಲ ಎಂದು ಅವನಿಗೆ ಕಣ್ಣಲ್ಲಿ ನೀರು ಬಂತು.

ಮಾರನೆಯ ಬೆಳಿಗ್ಗೆ ಮೊದಲ ರೈಲಿಗೇ ಬಂಗಾರಪೇಟೆಯಲ್ಲಿ ಇಳಿದ. ಸ್ಟೇಷನ್ನಿನ ಹಲಗೆಯಲ್ಲಿ ಆಗ ಬೌರಿಂಗ್‌ಪೇಟೆ ಎಂದಿತ್ತು. ಮಾವನ ಜಗಲಿಯ ಮೇಲೆ ಪಟೇಲ ರಾಮಚಂದ್ರಪ್ಪನವರೂ ಕೂತಿದ್ದುದು ಅವನಿಗೆ ಒಳ್ಳೆಯದೇ ಆಯಿತು.

"ಮಾವ, ಯುಗಾದಿಗೆ ನಾನೆಂಗೆ ಬರಾಕಾಗ್ತದೆ? ಇಮಾನ ಆರ್ಸೋ ಕೆಲ್ಸ ನನ್ ತಲೆ ಮೇಲೆ ಬಿದ್ದದೆ."

ಬಚ್ಚಪ್ಪ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ಏನು, ನಿನ್ ತಲೆ ಮೇಲೆ ಇಮಾನ ಬಿತ್ತಾ?"

"ಬಿದ್ದಿಲ್ಲ ಮಾವ. ಆರ್ಸ್ಬೇಕು. ಎರಡು ತಂದವ್ರೆ. ನಾನು ಎರಡ್ರಾಗೂ ಕುಂತು ನೋಡಿ ಯಾವ್ದು ಅಂತ ಏಳ್ಬೇಕು."

"ಅಲ್ಲಿ ಬೇರೆ ಯಾರೂ ಇರ್ಲಿಲ್ವಾ?" ಎಂದು ಪಟೇಲರು ತುಂಬ ಮರ್ಯಾದೆಯಿಂದ ಕೇಳಿದರು.

"ಎಲ್ಲರ್ನೂ ನೋಡಿದ್ರು ಪಟೇಲ್ರೆ. ನನ್ನೊಬ್ಬನ್ನೇ ಸರಿ ಅಂದ್ರು."

ಇದೂ ಸುಳ್ಳಲ್ಲ. ಬಚ್ಚಪ್ಪ ಮಾತ್ರ ಅಷ್ಟಕ್ಕೆ ಸೋಲುವ ಕುಳವಲ್ಲ. ಮೂವತ್ತು ವರ್ಷ ದನದ ಜಾತ್ರೆಗಳಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದವರು.

"ಎರಡ್ರಾಗೆ ಯಾವ್ದು ಒಳ್ಳೇದು ಅಂತ ಎಂಗ್ಲಾ ಗೊತ್ತಾಯ್ತದೆ?"

ಉಗ್ರಾಣದಲ್ಲಿ ಕಿವಿಗೆ ಬಿದ್ದಿದ್ದ ಎರಡು ಮಾತು ಕೋದಂಡಪ್ಪನ ನೆರವಿಗೆ ಬಂದವು. "ನೀಲೀದು ಬಲು ಸಾಧು ಮಾವ. ಕೆಂಪಂದು ಐತಲ್ಲ, ಅದು ಮೇಲೆ ಓದ್ಮೇಲೆ ಗಿರಕಿ ಒಡೀತದಂತೆ. ಸುಂಯ್ ಅಂತ ಸುತ್ತುಕೊಂಡು ಕೆಳಕ್ಕೆ ಬತ್ತದಂತೆ."

"ಗಿರಕಿ ಒಡೆಯೋ ಓರಿನ ಸಂತೆಗೆ ಒಡ್ಕೊಂಡು ಬಂದ್ರೆ ನಾಯೀನೂ ಮೂಸಕಿಲ್ಲ" ಎಂದರು ಪಟೇಲರು.

"ಅದ್ಕೇ ಅದನ್ನ ತಳ್ಳಾಕ್ತೀನಿ" ಎಂದ ಕೋದಂಡಪ್ಪ. ಜಗಲಿ ಒಪ್ಪಿತು. ಬಾಗಿಲ ಸಂದಿಯಿಂದ ಅತ್ತೆ ಮುನಿನಾರಾಯಣಮ್ಮ ಮಾತ್ರ, "ಅಯ್ಯೋ ನಮ್ಮಪ್ಪಾ, ಅದ್ರಾಗೂ ಕುಂತ್ಕಬೇಕಾ?" ಎಂದು ಎದೆ ಹಿಡಿದುಕೊಂಡರು.

ಬಚ್ಚಪ್ಪ ಎಲೆ ಮಡಿಸಿ ಬಾಯಿಗಿಟ್ಟು ಮಾತು ಮುಗಿಸಿದರು. "ಸರಿ. ಬರೋ ಭಾನ್ವಾರ ನಾನೇ ಬಂದು ನೋಡ್ತೀನಿ. ಆ ದೊರೆ ನಿನ್ ಮಾತು ಕೇಳೋದು ನಿಜ ಆದ್ರೆ ಅಲ್ಲೇ ಇರು. ಇಲ್ದಿದ್ರೆ ಎಮ್ಮೆ ಅಗ್ಗ ನಿನ್ ಕೈಗೆ. ಆಮ್ಯಾಕೆ ತಕರಾರು ತೆಗೀಬಾರ್ದು."

ಕೋದಂಡಪ್ಪ ಎದೆಯುಬ್ಬಿಸಿ ಒಪ್ಪಿಕೊಂಡ. ಅಷ್ಟು ಧೈರ್ಯ ಅವನಿಗೆ ಮದುವೆಯ ದಿನವೂ ಇರಲಿಲ್ಲ.

ಸುದ್ದಿ ಅವನಿಗಿಂತ ಮುಂಚೆ ಅವನ ಮನೆಯಿದ್ದ ಆಂಡರ್ಸನ್‌ಪೇಟೆ ತಲುಪಿತ್ತು. ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಸೋಮವಾರವೇ ಒಬ್ಬಟ್ಟು ತಂದುಕೊಟ್ಟು, "ಮೇಲೆ ಓಗೋರು ತಿನ್ಕೊಂಡು ಓಗ್ಬೇಕಪ್ಪಾ" ಎಂದಳು. ಆ ಮಾತಿನ ಅರ್ಥ ಏನೇ ಇರಲಿ, ಒಬ್ಬಟ್ಟು ಚೆನ್ನಾಗಿತ್ತು. ಮಂಗಳವಾರ ಎದುರುಮನೆಯಿಂದ ಕೋಳಿಸಾರು ಬಂತು. ಬುಧವಾರ ಬೀದಿಯ ಕೊನೆಯಿಂದ ಇಡ್ಲಿ ಬಂತು, ಅವರು ತಮಿಳರು. ಗುರುವಾರ ಅತ್ತೆ ಹಾಲಿನ ಕ್ಯಾನಿನ ಜೊತೆ ಒಂದು ಗಡಿಗೆ ತುಪ್ಪ ಕಳಿಸಿದರು. ಕೋದಂಡಪ್ಪ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಶನಿವಾರ ತಕ್ಕಡಿ ಹತ್ತಿ ನೋಡಿದರೆ ನೂರ ಎಪ್ಪತ್ತನಾಲ್ಕು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ಆ ತಕ್ಕಡಿಯ ಮೇಲೆ ಅನುಮಾನ ಬಂತು.

ಭಾನುವಾರ ಬೆಳಿಗ್ಗೆ ಬತ್ತಿದ ಕೆರೆಯಂಗಳದಲ್ಲಿ ಎರಡೂ ಗ್ಲೈಡರುಗಳು ರೆಕ್ಕೆ ಚಾಚಿಕೊಂಡು ಕೂತಿದ್ದವು. ನೀಲಿಯದರಲ್ಲಿ ಇಬ್ಬರು ಅಕ್ಕಪಕ್ಕ ಕೂರಬೇಕು. ಕೆಂಪಿನದರಲ್ಲಿ ಹಿಂದೆ ಮುಂದೆ: ಕಲಿಯುವವನು ಮುಂದೆ, ಕಲಿಸುವವನು ಹಿಂದೆ. ಅಂಗಳದ ಆ ತುದಿಯಲ್ಲಿ, ತಂತಿ ಸುತ್ತುವ ಎಂಜಿನ್ನಿನ ಹತ್ತಿರ ಪೆರುಮಾಳ್ ಇದ್ದ. ಅವನು ಚಾಂಪಿಯನ್ ರೀಫ್ಸ್ ಗಣಿಯ ವೈಂಡರ್, ಅಂದರೆ ಆಳುಗಳು ನಿಂತ ತೊಟ್ಟಿಲನ್ನು ಶಾಫ್ಟಿನೊಳಗೆ ಇಳಿಸಿ ಏರಿಸುವ ಎಂಜಿನ್ ನಡೆಸುವವನು. ಕೋದಂಡಪ್ಪನ ಹಳೆಯ ಸ್ನೇಹಿತ. ಸ್ನೇಹಿತನಾದ್ದರಿಂದ ನಿಜ ಹೇಳುವ ಕೆಟ್ಟ ಅಭ್ಯಾಸವಿತ್ತು.

"ಏನ್ ಕೋದಂಡಣ್ಣಾ, ಇಷ್ಟು ಜರಿ ಪೇಟ? ನಿನ್ನ ಯಾತಕ್ಕೆ ಕರ್ದವ್ರೆ, ತೆರಿಯುಮಾ, ಗೊತ್ತಾ?"

"ಆರ್ಸಾಕೆ."

"ಅಯ್ಯೋ ಸಾಮೀ! ನೀನು ಮೂಟೆ ಕಣಣ್ಣಾ. ಕಲಿಯೋ ಹುಡುಗರು ಎಲ್ಲಾ ಸುಮಾರು ಹನ್ನೆರಡು ಸ್ಟೋನ್, ಅಂದ್ರೆ ನೂರ ಅರವತ್ತೆಂಟು ರಾತ್ಲು, ಬರ್ತಾರೆ. ಆ ತೂಕ ಮುಂದ್ಗಡೆ ಇಟ್ಟು ನೋಡ್ಬೇಕು. ಕ್ಲಬ್ಬಿನ ದೊರೆಗಳು ಯಾರೂ ಕೂರಕ್ಕೆ ಒಪ್ಪಲಿಲ್ಲ. ಅದಕ್ಕೆ ನೀನು."

ಕೋದಂಡಪ್ಪನ ಪೇಟ ತನ್ನಷ್ಟಕ್ಕೆ ಸಡಿಲವಾಯಿತು. "ಯಾಕೆ ಒಪ್ಪಲಿಲ್ಲ?"

"ಗಿರಕಿ ಹೊಡಿಸ್ತಾರಲ್ಲ! ಅದೇ ಪರೀಕ್ಷೆ. ಒಂಟಿಯಾಗಿ ಮೇಲೆ ಹೋದಾಗ ಗಿರಕಿಗೆ ಸಿಕ್ಕಿಕೊಂಡ್ರೆ ಹುಡುಗ ಸಾಯ್ತಾನೆ. ಅದಕ್ಕೆ ಮೊದಲೇ ಮೇಷ್ಟ್ರು ಜೊತೆ ಕೂತು, ಬೇಕು ಅಂತ್ಲೇ ಗಿರಕಿ ಹೊಡಿಸಿ, ಹೊರಗೆ ಬರೋದು ಕಲಿಸ್ಬೇಕು. ಗಿರಕಿ ಹೊಡೀದೇ ಇರೋ ಮಿಷಿನ್ ಇಟ್ಕೊಂಡು ಏನು ಪ್ರಯೋಜನ? ಕೇಳಿದ ಕೂಡ್ಲೆ ಸುತ್ತಬೇಕು, ಸಾಕು ಅಂದ ಕೂಡ್ಲೆ ನಿಲ್ಲಬೇಕು. ಅದೇ ಬೇಕು ದೊರೆಗೆ."

ತಾನು ಹಳ್ಳಿಯಲ್ಲಿ ತಳ್ಳಿಹಾಕಿ ಬಂದದ್ದನ್ನೇ ದೊರೆ ಹುಡುಕುತ್ತಿದ್ದಾರೆ! ಅದೂ ತಾನು ಆರಿಸುವವನಲ್ಲ, ಮೂಟೆ! ಓಡಿಹೋಗೋಣವೆಂದು ಕೋದಂಡಪ್ಪ ತಿರುಗಿದ. ತಿರುಗಿದ ಕಡೆಯಿಂದಲೇ ಎತ್ತಿನ ಕೊರಳ ಗಂಟೆ ಕೇಳಿತು. ಎರಡು ಗಾಡಿ ತುಂಬ ಬಂಗಾರಪೇಟೆಯ ನೆಂಟರು ಕೆರೆಯಂಗಳಕ್ಕೆ ಇಳಿಯುತ್ತಿದ್ದರು.

ಬಚ್ಚಪ್ಪನವರು ಯಾರನ್ನೂ ಕೇಳದೆ ನೇರವಾಗಿ ಗ್ಲೈಡರುಗಳ ಹತ್ತಿರ ನಡೆದರು. ನೀಲಿಯದರ ಬೆನ್ನು ಚಪ್ಪರಿಸಿದರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಮೂತಿ ಹಿಡಿದು ಬಾಯಿಗಾಗಿ ಹುಡುಕಿ, ಸಿಗದಿದ್ದುದರಿಂದ ಹಿಂದಕ್ಕೆ ಹೋಗಿ, ಎತ್ತು ಚುರುಕಾಗಿದೆಯೇ ಎಂದು ನೋಡುವವರ ಹಾಗೆ ಬಾಲದ ಹಲಗೆಯನ್ನು ಹಿಡಿದು ಒಂದು ತಿರುವು ತಿರುವಿದರು. ಮದರಾಸಿನ ಏಜೆಂಟು ಕಿರುಚಿಕೊಂಡು ಓಡಿಬಂದ.

"ಯಾಕಪ್ಪಾ ಕೂಗ್ತೀಯ? ಕೊಳ್ಳೋರು ಬಾಲ ತಿರುವಬಾರ್ದಾ? ಬಾಲ ಮುಟ್ಟಿಸ್ದೆ ಮಾರ್ತೀಯ ಅಂದ್ರೆ ಏನೋ ರೋಗ ಐತೆ" ಎಂದರು ಬಚ್ಚಪ್ಪ. ನೆಂಟರೆಲ್ಲ ಅನುಮಾನದಿಂದ ಏಜೆಂಟನನ್ನು ನೋಡಿದರು. ಅವನು ಬೆವರಿದ.

ಮೊದಲ ಸರದಿ ನೀಲಿಯದು. ಕೋದಂಡಪ್ಪನ ಹೊಟ್ಟೆಗೆ ಪಟ್ಟಿ ಬಿಗಿದು ಕೂರಿಸಿದರು. ಪಕ್ಕದಲ್ಲಿ ಹಾರ್ಟ್ಲಿ ದೊರೆ. ಎಳೆಯಲು ಹೇಳುವುದಕ್ಕೆ ಒಂದು ರೈಲು ಕಂಬಿಯ ತುಂಡನ್ನು ಮರಕ್ಕೆ ನೇತುಹಾಕಿದ್ದರು. ಅಲ್ಲಿ ನಿಂತಿದ್ದ ಗಣಿ ಆಳು ಅಭ್ಯಾಸಬಲದಿಂದ ಮೂರು ಏಟು ಬಾರಿಸಿದ. ಗಣಿಯಲ್ಲಿ ಮೂರು ಏಟಿನ ಗಂಟೆ ಎಂದರೆ ತೊಟ್ಟಿಲಲ್ಲಿ ಮನುಷ್ಯರಿದ್ದಾರೆ, ಮೆಲ್ಲಗೆ ಎಳೆ ಎಂದರ್ಥ. ಇಪ್ಪತ್ತು ವರ್ಷದಲ್ಲಿ ಒಂದು ಜೀವಕ್ಕೂ ಪೆಟ್ಟು ಮಾಡದ ಪೆರುಮಾಳ್ ಮೆಲ್ಲಗೇ ಎಳೆದ. ನೀಲಿ ಗ್ಲೈಡರು ನೆಲ ಬಿಡದೆ ಇಡೀ ಕೆರೆಯಂಗಳವನ್ನು ಗಾಡಿಯ ಹಾಗೆ ಉರುಳಿಕೊಂಡು ಹೋಗಿ ಅವನೆದುರು ನಿಂತಿತು. ಪೆರುಮಾಳ್ ಎದ್ದು ಸಲಾಮು ಹೊಡೆದ.

"ಭಲೇ! ಎಲ್ಲೂ ಎಡವಲಿಲ್ಲ" ಎಂದರು ಬಚ್ಚಪ್ಪ.

ಎರಡನೆಯ ಸಲ ಅದು ನಿಜವಾಗಿ ಹಾರಿತು. ದಿಬ್ಬದ ಬಿಸಿಗಾಳಿ ಹಿಡಿದು ಮೂರು ಸಾವಿರ ಅಡಿ ಏರಿದ ಮೇಲೆ ದೊರೆ ಅದರ ಮೂತಿ ಎತ್ತಿದರು, ಕಾಲಡಿಯ ಪೆಡಲಿನಿಂದ ಬಾಲ ಒದ್ದರು, ಬೈದರು. ಅದು ತಲೆಬಾಗಿಸಿ ನೆಟ್ಟಗೆ ಹೋಯಿತೇ ಹೊರತು ಸುತ್ತಲಿಲ್ಲ. ಆರು ಸಲ ಮಾಡಿದರೂ ಅದೇ ಕತೆ. ದೊರೆ ಮುಖ ಸಿಂಡರಿಸಿಕೊಂಡು ಇಳಿದರು. ಕೋದಂಡಪ್ಪ ನಗುತ್ತಾ ಇಳಿದ. ಇದೇ ಉಳಿದರೆ ತನ್ನ ಮಾತೂ ಉಳಿಯುತ್ತದೆ ಎಂದು ಅವನಿಗೆ ಸ್ವಲ್ಪ ಆಸೆ ಹುಟ್ಟಿತ್ತು.

ಆದರೆ ನೀಲಿಯದು ಬೇಡ ಎಂದು ದೊರೆ ಅಲ್ಲೇ ಏಜೆಂಟನಿಗೆ ಹೇಳಿಬಿಟ್ಟರು. ಕೆಂಪಿನದೂ ಹೀಗೇ ಆದರೆ ಎರಡನ್ನೂ ಕಟ್ಟಿಕೊಂಡು ಹೋಗು ಎಂದರು. ಬಚ್ಚಪ್ಪನವರಿಗೆ ಇಂಗ್ಲಿಷ್ ಬರದಿದ್ದರೂ ತಲೆಯಾಡಿಸುವುದು ಅರ್ಥವಾಗುತ್ತಿತ್ತು.

"ಏನ್ಲಾ, ನೀಲೀದನ್ನ ಬ್ಯಾಡ ಅಂದಂಗಿತ್ತು?"

"ಇನ್ನೂ ಇನ್ನೊಂದ್ರಾಗೆ ಕುಂತಿಲ್ವಲ್ಲ ಮಾವ" ಎಂದ ಕೋದಂಡಪ್ಪ.

ಈ ಗಲಾಟೆಯಲ್ಲಿ ಮುನಿನಾರಾಯಣಮ್ಮನ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ. ಆಕೆಗೆ ನೀಲಿಯ ಚಿಂತೆಯಿರಲಿಲ್ಲ. ಗಿರಕಿ ಹೊಡೆಯುವ ಕೆಂಪಿನದರದೇ ಚಿಂತೆ. ಗಾಡಿ ಕೊಂಡರೆ, ಮೋಟಾರು ಕೊಂಡರೆ, ಮನೆ ಕಟ್ಟಿದರೆ, ಬೂದುಗುಂಬಳಕಾಯಿ ನಿವಾಳಿಸಿ ಒಡೆಯದೆ ಯಾರಾದರೂ ಮುಂದಕ್ಕೆ ಕಾಲಿಡುತ್ತಾರೆಯೇ? ಇಲ್ಲಿ ನೋಡಿದರೆ ಒಂದು ನಿಂಬೆಹಣ್ಣೂ ಇಲ್ಲ! ಆಕೆ ಊರಿನಿಂದಲೇ ನಾಲ್ಕು ಕಾಯಿ ತಂದಿದ್ದರು, ಒಂದೊಂದೂ ಹನ್ನೆರಡು ರಾತ್ಲು. ಒಡೆಯಲು ಹೋದರೆ ದೊರೆಯ ಆಳು ಗದರಿಸಿ ಕಳಿಸಿದ. ಹಗುರ ಆಸಾಮಿ ಕೂತಾಗ ಕಬ್ಬಿಣದ ತೂಕ ಇಡಲೆಂದು ಕೆಂಪು ಗ್ಲೈಡರಿನ ಮುಂದಿನ ಸೀಟಿನ ಎದುರು, ಮೊಣಕಾಲ ಕೆಳಗೆ, ಒಂದು ಮರದ ಗೂಡಿತ್ತು. ಅದು ಖಾಲಿಯಿತ್ತು. ಅಷ್ಟು ಅನುಕೂಲವಾದ ಗೂಡನ್ನು ದೇವರು ಸುಮ್ಮನೆ ಮಾಡಿಸಿರುವುದಿಲ್ಲ ಎಂದು ಆಕೆಗೆ ತೋರಿತು.

ಕೋದಂಡಪ್ಪ ಹತ್ತುವಾಗ ಆಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. "ಅಳಿಯಂದ್ರೆ, ಕಾಲತ್ರ ನಾಕು ಕಾಯಿ ಮಡಗಿವ್ನಿ. ಜೀವ ಝಲ್ ಅಂದಾಗೆಲ್ಲ ಒಂದೊಂದು ತೆಗ್ದು ನಿವಾಳ್ಸಿ ಎಸೀರಿ. ಯಾರ್ಗೂ ಏಳ್ಬ್ಯಾಡಿ."

ಈಗ ಓದುಗರು ಒಂದು ಸಣ್ಣ ಸಂಗತಿ ತಿಳಿದುಕೊಳ್ಳಬೇಕು. ಇಂಥ ಗ್ಲೈಡರಿನ ಮೂತಿ ತೀರ ಭಾರವಾದರೆ ಅದು ಏನು ಮಾಡಿದರೂ ಗಿರಕಿ ಹೊಡೆಯುವುದಿಲ್ಲ. ನೂರ ಅರವತ್ತೆಂಟು ರಾತ್ಲಿನ ಲೆಕ್ಕ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತ ಹಾರ್ಟ್ಲಿ ದೊರೆಯ ಮುಂದೆ ಒಂದು ವಾರದ ಒಬ್ಬಟ್ಟು, ತುಪ್ಪ, ಕೋಳಿಸಾರು ಮತ್ತು ನಾಲ್ಕು ಬೂದುಗುಂಬಳಕಾಯಿ ಹೆಚ್ಚಾಗಿ ಕೂತಿದ್ದವು.

ಮೇಲೆ ಹೋದರು. ಬಿಳಿ ದಿಬ್ಬ ಕೆಳಗೆ ಒಗೆದು ಹರಡಿದ ಪಂಚೆಯಷ್ಟು ಕಾಣಿಸಿತು. ದೊರೆ ಮೂತಿ ಎತ್ತಿದರು. ಗಾಳಿಯ ಸದ್ದು ಕಡಿಮೆಯಾಗುತ್ತಾ ಆಗುತ್ತಾ ನಿಂತೇಹೋಯಿತು. ಆ ನಿಶ್ಶಬ್ದದಲ್ಲಿ ಕೋದಂಡಪ್ಪನ ಜೀವ ಝಲ್ಲೆಂದಿತು. ದೊರೆ ಬಾಲ ಒದ್ದರು. ಕೆಂಪು ಗ್ಲೈಡರು ಹೊಟ್ಟೆ ತುಂಬಿದ ಹಸುವಿನ ಹಾಗೆ ತಲೆ ತಗ್ಗಿಸಿ ನೆಟ್ಟಗೆ ಹೋಯಿತು. ಕೋದಂಡಪ್ಪ ಕಣ್ಣು ಮುಚ್ಚಿಕೊಂಡೇ ಒಂದು ಕಾಯಿ ತೆಗೆದು, ಮೂರು ಸುತ್ತು ನಿವಾಳಿಸಿ, ಹೊರಕ್ಕೆ ಎಸೆದ.

ಕೆಳಗೆ ನೆರೆದಿದ್ದವರಿಗೆ ಕಂಡದ್ದು ಇಷ್ಟೆ: ವಿಮಾನದಿಂದ ಏನೋ ಒಂದು ಕಳಚಿಕೊಂಡು ಬಂದು, ಯಾರೂ ಇಲ್ಲದ ಸೈನೈಡ್ ದಿಬ್ಬದ ಮೇಲೆ ಬಿತ್ತು. ಬಿಳಿ ಧೂಳೆದ್ದಿತು.

"ಬಿಚ್ಕಂತಾ ಐತೆ!" ಎಂದು ಪಟೇಲ ರಾಮಚಂದ್ರಪ್ಪ ಕೂಗಿದರು. ಏಜೆಂಟು ನೆಲದ ಮೇಲೆ ಕೂತುಬಿಟ್ಟ.

ಎರಡನೆಯದು ಬಿತ್ತು. "ಚಕ್ರ ಓಯ್ತು" ಎಂದ ಯಾವನೋ. ವೆಂಕಟರತ್ನಮ್ಮ ಅಳಲು ಶುರುಮಾಡಿದಳು. ಬಚ್ಚಪ್ಪನವರು ಮಗಳ ಭುಜ ಹಿಡಿದು ನಿಂತರು. ಅಳಿಯ ಮೊಳೆಯಾದರೂ ತೂಗಿಕೊಂಡಿರಲಿ, ನೆಲದ ಮೇಲಿದ್ದರೆ ಸಾಕಪ್ಪಾ ಎಂದು ಅವರು ಆ ಕ್ಷಣದಲ್ಲಿ ನಿಜವಾಗಿಯೂ ಬೇಡಿಕೊಂಡರು.

ಮೂರನೆಯದು ಬಿತ್ತು. ಇಡೀ ಕೆರೆಯಂಗಳದಲ್ಲಿ ಸಮಾಧಾನವಾಗಿ ನಿಂತಿದ್ದವರು ಮುನಿನಾರಾಯಣಮ್ಮ ಒಬ್ಬರೇ.

"ಇನ್ನೊಂದೈತೆ" ಎಂದರು ಆಕೆ.

ಬಚ್ಚಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಬೆಳಿಗ್ಗೆ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದ ಕುಂಬಳಕಾಯಿಗಳು ಈಗ ಅಲ್ಲಿರಲಿಲ್ಲ.

ನಾಲ್ಕನೆಯದೂ ಹೋದ ಬಳಿಕ ಮೇಲೆ ಹಾರ್ಟ್ಲಿ ದೊರೆ ಕೊನೆಯ ಸಲ ಮೂತಿ ಎತ್ತಿ ಬಾಲ ಒದ್ದರು. ಆಗ ನೋಡಿ! ಒಂದು ರೆಕ್ಕೆ ಕೆಳಕ್ಕೆ ಬಿತ್ತು, ಆಕಾಶ ಕಾಲ ಕೆಳಗೆ ಬಂತು, ಉರಿಗಾಮೂ ಆಂಡರ್ಸನ್‌ಪೇಟೆಯೂ ಮಾರಿಕುಪ್ಪಮ್ಮೂ ಒಂದರ ಹಿಂದೊಂದು ಕೋದಂಡಪ್ಪನ ಮೂಗಿನ ಮುಂದೆ ಓಡಿದವು. ಜೀವ ಝಲ್ಲೆಂದಿತು. ಗೂಡಿಗೆ ಕೈ ಹಾಕಿದ. ಖಾಲಿ! ಬೇರೇನೂ ಸಿಗದೆ ಜರಿ ಪೇಟ ತೆಗೆದು ನಿವಾಳಿಸಿ ಎಸೆದ. ಅದೇ ಹೊತ್ತಿಗೆ ದೊರೆ ಎದುರು ಬದಿಯ ಪೆಡಲು ಒದ್ದು, ಗ್ಲೈಡರು ನಡೆಸುವ ಕಡ್ಡಿಯನ್ನು ಮುಂದಕ್ಕೆ ತಳ್ಳಿದರು. ಗ್ಲೈಡರು ಹೇಳಿದ ಮಾತು ಕೇಳಿ ತಟ್ಟನೆ ನಿಂತು ನೇರವಾಯಿತು. ನಿಂತದ್ದು ಪೇಟದಿಂದ ಎಂದು ಕೋದಂಡಪ್ಪ ಕೊನೆಯವರೆಗೂ ನಂಬಿದ್ದ. ನಾವು ಅವನ ನಂಬಿಕೆಯನ್ನು ಕೆಡಿಸುವುದು ಬೇಡ.

ಇಳಿದ ಕೂಡಲೇ ಜನ ಮುತ್ತಿಕೊಂಡರು. ದೊರೆಯ ಮುಖ ಗ್ಲೈಡರಿನಷ್ಟೇ ಕೆಂಪಾಗಿತ್ತು. ಹಿಂದಿನ ಸೀಟಿನಿಂದ ಅವರು ಎಲ್ಲವನ್ನೂ ನೋಡಿದ್ದರು. ಗೂಡಿನಲ್ಲಿ ಆ ಭಾರ ತುಂಬಿದವರು ಯಾರು ಎಂದು ಗುಡುಗಿದರು. ಅಂಥವರು ಈ ಅಂಗಳದಲ್ಲಿ ಇನ್ನೊಂದು ನಿಮಿಷ ನಿಲ್ಲಕೂಡದು ಎಂದರು. ಆ ತುದಿಯಿಂದ ಓಡಿಬಂದಿದ್ದ ಪೆರುಮಾಳ್ ಅದನ್ನು ಜೋರಾಗಿ ಕನ್ನಡದಲ್ಲಿ ಹೇಳಿದ.

ಮುನಿನಾರಾಯಣಮ್ಮನ ಮುಖ ಸುಣ್ಣವಾಯಿತು. ನೆಂಟರು, ಪಟೇಲರು, ದೊರೆಗಳು, ಎಲ್ಲರ ಮುಂದೆ ಆಕೆಯನ್ನು ಹೊರಗಟ್ಟಿದರೆ! ಆಕೆ ಗಂಡನ ಬೆನ್ನ ಹಿಂದೆ ಸರಿದರು. ಕೋದಂಡಪ್ಪ ಅತ್ತೆಯನ್ನು ನೋಡಿದ, ಮಾವನನ್ನು ನೋಡಿದ. ಹೊರಗೆ ಹೋಗಬೇಕಾದವನು ತಾನಾದರೆ ಎಮ್ಮೆ ಹಗ್ಗ ತಪ್ಪಿದ್ದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದೆ ಬಂದ.

"ನಾನೇ ಇಟ್ಟಿದ್ದು ದೊರೆ."

"ಯಾಕೆ?"

ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ತೂಕ ಹಾಕಿದ ಮನುಷ್ಯ ಗಾಬರಿಯಲ್ಲಿ ಬಾಯಿಬಿಟ್ಟರೆ ತೂಕದ ಮಾತೇ ಬರುತ್ತದೆ.

"ಕಲಿಯಾಕೆ ಬರೋರೆಲ್ಲ ಹನ್ನೆರಡು ಸ್ಟೋನೇ ಇರ್ತಾರಾ ದೊರೆ? ನಮ್ ಆಂಡರ್ಸನ್‌ಪೇಟೇಲಿ ಒಂದೇ ವಾರಕ್ಕೆ ಆರು ರಾತ್ಲು ಏರೋರು ಅವ್ರೆ. ಹದಿನಾರು ಸ್ಟೋನಿನೋನು ಬಂದು ಕುಂತ್ರೆ ಏನ್ ಮಾಡ್ತದೆ, ನೋಡಬ್ಯಾಡ್ವಾ?"

ಪೆರುಮಾಳ್ ಇದನ್ನು ದೊರೆಗೆ ಮುಟ್ಟಿಸಿದ. ದೊರೆ ಗೂಡನ್ನು ನೋಡಿದರು, ದಿಬ್ಬವನ್ನು ನೋಡಿದರು. ನಾಲ್ಕು ಸಲ ಸುತ್ತದೆ, ನಾಲ್ಕೂ ಹೋದ ಮೇಲೆ ಸುತ್ತಿದ್ದು ಅವರ ನೆನಪಿಗೆ ಬಂತು. ದಪ್ಪ ಹುಡುಗನನ್ನು ಮುಂದೆ ಕೂರಿಸಿಕೊಂಡು, ಇದು ಗಿರಕಿಯನ್ನೇ ಹೊಡೆಯುವುದಿಲ್ಲ ಎಂದು ಕಲಿಸಿ ಕಳಿಸಿಬಿಟ್ಟಿದ್ದರೆ? ಅವನು ಆಮೇಲೆ ಒಂಟಿಯಾಗಿ ಇನ್ನೊಂದರಲ್ಲಿ ಹೋಗಿ ಸುತ್ತಿಕೊಂಡು ಬಿದ್ದಿದ್ದರೆ? ಇಂಥ ಪರೀಕ್ಷೆ ಮಾಡಬೇಕೆಂದು ಕ್ಲಬ್ಬಿನ ಒಬ್ಬನಿಗೂ ಹೊಳೆದಿರಲಿಲ್ಲ. ದೊರೆ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು. ಕೆಂಪಿನದನ್ನು ಇಟ್ಟುಕೊಳ್ಳುತ್ತೇವೆ ಎಂದು ಏಜೆಂಟನಿಗೆ ಹೇಳಿದರು. ಅವನು ಕೋದಂಡಪ್ಪನನ್ನು ತಬ್ಬಿಕೊಳ್ಳಲು ಹೋದ. ಆಮೇಲೆ ದೊರೆ ಕೋದಂಡಪ್ಪನ ಕಡೆ ತಿರುಗಿ ಇನ್ನೇನೋ ಹೇಳಿ, ಈ ಸಲವೂ ಕೈ ಕುಲುಕಿದರು.

"ಏನಂತಪ್ಪಾ?" ಎಂದು ಬಚ್ಚಪ್ಪ ಪೆರುಮಾಳನನ್ನು ಕೇಳಿದರು.

"ಇನ್ನು ಮೇಲೆ ಪ್ರತಿ ಭಾನುವಾರ ಇವರು ತಕ್ಕಡಿ ತರ್ಬೇಕಂತೆ ದೊಡ್ಡಯ್ಯಾ. ಇವರು ತೂಗಿ, ಸರಿ ಅಂತ ಬರ್ದು ಕೊಡದೆ ದೊರೆ ಮಗನಾದ್ರೂ ಮೇಲಕ್ಕೆ ಹೋಗಂಗಿಲ್ಲ."

ನೆಂಟರಲ್ಲಿ ಗುಜುಗುಜು ಎದ್ದಿತು. ಪಟೇಲರು, ನೀಲಿ ಸಾಧು ಎಂದು ಅಳಿಯ ಅಂದಿದ್ದನಲ್ಲ, ದೊರೆ ಕೆಂಪನ್ನು ಯಾಕೆ ಹಿಡಿದರು ಎಂದು ಕೇಳಹೊರಟರು. ಬಚ್ಚಪ್ಪ ಕೈಸನ್ನೆಯಿಂದಲೇ ಸುಮ್ಮನಿರಿಸಿದರು. ಪೇಟವಿಲ್ಲದ ಬರಿ ತಲೆಯಲ್ಲಿ, ಕೂದಲು ಕೆದರಿಕೊಂಡು ನಿಂತಿದ್ದ ಅಳಿಯನನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ನೋಡಿದರು. ತನ್ನ ಬೆನ್ನ ಹಿಂದೆ ಇನ್ನೂ ಅವಿತಿದ್ದ ಹೆಂಡತಿಯನ್ನು ಒಮ್ಮೆ ನೋಡಿದರು. ಅಳಿಯನ ಹತ್ತಿರ ಬಂದು, ಅವನೊಬ್ಬನಿಗೇ ಕೇಳುವಂತೆ, ಮದುವೆಯಾದ ಮೇಲೆ ಮೊದಲ ಸಲ ಬಹುವಚನದಲ್ಲಿ ಮಾತಾಡಿದರು.

"ಕಾಯಿ ಯಾರು ಮಡಗಿದ್ರು ಅಂತ ನಂಗೆ ಗೊತ್ತು. ನಮ್ಮನೇವ್ಳ ಮಾನ ಕಾದೋರು ನೀವು. ಎಮ್ಮೆ ಕಾಯಾಕೆ ಬೇರೆ ಯಾರನ್ನಾನ ನೋಡ್ಕಂತೀನಿ."